ಒಂದು ಕಾಡು ದಿನಕ್ಕೆ ಎಷ್ಟು ಸಫಾರಿಗಳನ್ನು ತಾಳೀತು? ಧಾರಣಾ ಸಾಮರ್ಥ್ಯದ ಲೆಕ್ಕ: ಅಧ್ಯಯನ ಟಿಪ್ಪಣಿ

ಪರಿಸರ ಪ್ರವಾಸೋದ್ಯಮದ ಪಾಠಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಧಾರಣಾ ಸಾಮರ್ಥ್ಯದ ಲೆಕ್ಕ. ಸೂತ್ರ ಮೂರೇ ಸಾಲಿನದು. ಗುಣಿಸುವುದು, ಭಾಗಿಸುವುದು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಆದರೂ ಒಂದೇ ಲೆಕ್ಕವನ್ನು ಮೂರು ಬಾರಿ ಮಾಡಿದಾಗ ನನಗೆ 50, 1 ಮತ್ತು 45 ಎಂಬ ಮೂರು ಉತ್ತರಗಳು ಬಂದವು, ಮೂರೂ ತಪ್ಪಾಗಿದ್ದವು. ಎಲ್ಲಿ ಎಡವಿದೆನೆಂಬುದು ಈಗಷ್ಟೇ ಸ್ಪಷ್ಟವಾಗಿರುವುದರಿಂದ, ಮರೆಯುವ ಮುನ್ನ ಜೊತೆಗೆ ಓದುತ್ತಿರುವವರಿಗಾಗಿ ಬರೆದಿಡುತ್ತಿದ್ದೇನೆ.

ಬೇಕಾದಷ್ಟು ಹಿನ್ನೆಲೆ

ಅಂತರರಾಷ್ಟ್ರೀಯ ಪರಿಸರ ಪ್ರವಾಸೋದ್ಯಮ ಸಂಸ್ಥೆಯ ವ್ಯಾಖ್ಯೆ 1990ರದು, 2015ರಲ್ಲಿ ಪರಿಷ್ಕೃತವಾಯಿತು. ಅದರ ಪ್ರಕಾರ ಇಂಥ ಪ್ರವಾಸವು ನಿಸರ್ಗತಾಣವನ್ನು ಕಾಪಾಡಬೇಕು, ಸ್ಥಳೀಯರ ಬದುಕಿಗೆ ಆಧಾರವಾಗಬೇಕು ಮತ್ತು ಬಂದವರಿಗೂ ಅಲ್ಲಿನವರಿಗೂ ತಿಳಿವಳಿಕೆ ನೀಡಬೇಕು. ಈ ಮೂರರಲ್ಲಿ ಎರಡನೆಯದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಅದು ಬೇಕಾಗುತ್ತದೆ.

ನಮ್ಮ ದೇಶದಲ್ಲಿ ಹುಲಿ ಸಂರಕ್ಷಿತ ಪ್ರದೇಶಗಳಿಗೆ ಕೋರ್ ಮತ್ತು ಬಫರ್ ಎಂಬ ಎರಡು ವಲಯಗಳಿವೆ: ಹುಲಿಗಳಿಗಾಗಿ ಕಾಪಾಡುವ ಒಳಕಾಡು ಕೋರ್, ಅದರ ಸುತ್ತಲಿನ ಪಟ್ಟಿ ಬಫರ್. ಈ ವಿಂಗಡಣೆಗೆ ಆಧಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ಆದ ತಿದ್ದುಪಡಿ. 2012ರ ಜುಲೈ 24ರಂದು ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಹೊರಡಿಸಿ ಕೋರ್ ವಲಯಗಳಲ್ಲಿ ಪ್ರವಾಸವನ್ನೇ ನಿಲ್ಲಿಸಿತ್ತು. ಅದೇ ವರ್ಷ ಅಕ್ಟೋಬರ್ 15ರಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಗಳು ಪ್ರಕಟವಾದವು, ಮರುದಿನ ನಿರ್ಬಂಧ ತೆರವಾಯಿತು. ಆ ಮಾರ್ಗಸೂಚಿಯ ಎರಡು ಅಂಶಗಳನ್ನು ಹಲವರು ಒಂದೇ ಎಂದು ಭಾವಿಸುತ್ತಾರೆ. ಕೋರ್ ವಲಯದ ಶೇಕಡ 20ಕ್ಕಿಂತ ಹೆಚ್ಚಿನ ಭಾಗದಲ್ಲಿ ಪ್ರವಾಸ ಇರಬಾರದೆಂಬುದು ‘ಎಲ್ಲಿ’ ಎಂಬ ಪ್ರಶ್ನೆಗೆ ಉತ್ತರ. ಆ ಭಾಗದೊಳಗೆ ದಿನಕ್ಕೆ ಎಷ್ಟು ವಾಹನಗಳು ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಉತ್ತರ ಕೊಡುವುದು ಧಾರಣಾ ಸಾಮರ್ಥ್ಯದ ಲೆಕ್ಕ. ಶೇಕಡ 20ರ ಮಿತಿಯನ್ನು ಪಾಲಿಸಿದ ಕಾಡಿನಲ್ಲೂ ವಾಹನಗಳು ವಿಪರೀತವಾಗಿರಬಹುದು.

ಲೆಕ್ಕದ ಮೂಲ ವಿಧಾನ 1992ರಲ್ಲಿ ಮಿಗೆಲ್ ಸಿಫುಎಂಟೆಸ್ ಎಂಬ ಸಂಶೋಧಕ ರೂಪಿಸಿದ್ದು. ಮಾರ್ಗಸೂಚಿಯು ಅದನ್ನು ಸಫಾರಿ ರಸ್ತೆಗಳಿಗೆ ಹೊಂದಿಸಿಕೊಂಡು, ಕಾನ್ಹಾ ಕಾಡಿನ ಉದಾಹರಣೆಯೊಂದಿಗೆ ವಿವರಿಸಿದೆ.

ಮೂರು ಮೆಟ್ಟಿಲುಗಳು

ಮೊದಲನೆಯದು ಭೌತಿಕ ಸಾಮರ್ಥ್ಯ, ಅಂದರೆ ರಸ್ತೆಯ ಮೇಲೆ ವಾಹನಗಳಿಗೆ ಇರುವ ಜಾಗ. ಎರಡನೆಯದು ವಾಸ್ತವ ಸಾಮರ್ಥ್ಯ, ಅಂದರೆ ನೆಲದ ಮತ್ತು ಪ್ರಾಣಿಗಳ ಸ್ಥಿತಿಯನ್ನು ನೋಡಿ ಇಳಿಸಿದ ಸಂಖ್ಯೆ. ಮೂರನೆಯದು ಪರಿಣಾಮಕಾರಿ ಸಾಮರ್ಥ್ಯ, ಅಂದರೆ ನಿಭಾಯಿಸುವ ಸಿಬ್ಬಂದಿ ಎಷ್ಟಿದ್ದಾರೆಂದು ನೋಡಿ ಮತ್ತೆ ಇಳಿಸಿದ ಸಂಖ್ಯೆ. ಪ್ರತಿ ಮೆಟ್ಟಿಲಿನಲ್ಲೂ ಸಂಖ್ಯೆ ಕೆಳಗಿಳಿಯುತ್ತದೆಯೇ ಹೊರತು ಏರುವುದಿಲ್ಲ. ನಿಮ್ಮ ಉತ್ತರ ಏರಿದ್ದರೆ ಎಲ್ಲೋ ತಪ್ಪಾಗಿದೆಯೆಂದೇ ತಿಳಿಯಿರಿ.

ಅಭ್ಯಾಸಕ್ಕೆ ಒಂದು ಕಲ್ಪಿತ ಕಾಡನ್ನು ತೆಗೆದುಕೊಳ್ಳೋಣ. ಅಲ್ಲಿ 60 ಕಿಲೋಮೀಟರ್ ಸಫಾರಿ ರಸ್ತೆಯಿದೆ. ಒಂದು ವಾಹನದ ಧೂಳು ಹಿಂದಿನ ವಾಹನಕ್ಕೆ ಬಡಿಯದಿರಲು ನಡುವೆ ಕನಿಷ್ಠ 500 ಮೀಟರ್ ಅಂತರವಿರಬೇಕೆಂದು ಮಾರ್ಗಸೂಚಿ ಹೇಳುವುದರಿಂದ, ಕಿಲೋಮೀಟರಿಗೆ ಎರಡರಂತೆ ಒಮ್ಮೆಗೆ 120 ವಾಹನಗಳಾದವು. ಕಾಡು ಬೆಳಿಗ್ಗೆ ಮತ್ತು ಸಂಜೆ ಸೇರಿ ದಿನಕ್ಕೆ 7 ಗಂಟೆ ತೆರೆದಿರುತ್ತದೆ, ಒಂದು ಸುತ್ತಿಗೆ ಮೂರೂವರೆ ಗಂಟೆ ಬೇಕು. ಹಾಗಾಗಿ ಆವರ್ತನಾಂಕ, ಅಂದರೆ ದಿನಕ್ಕೆ ಎಷ್ಟು ಸರದಿ ಸಾಧ್ಯವೆಂಬ ಅಂಕಿ, 2. ಭೌತಿಕ ಸಾಮರ್ಥ್ಯ 120 × 2 = 240. ಈ 240 ವಾಹನಗಳ ಸಂಖ್ಯೆಯಲ್ಲ, ದಿನದ ಸುತ್ತುಗಳ ಸಂಖ್ಯೆ. ಒಂದೇ ಜೀಪು ಬೆಳಿಗ್ಗೆಯೂ ಸಂಜೆಯೂ ಹೋದರೆ ಎರಡು ಎಂದೇ ಎಣಿಸಬೇಕು.

ನಾನು ಎಡವಿದ ಮೆಟ್ಟಿಲು

ಎರಡನೇ ಹಂತದಲ್ಲಿ ಮಿತಿಕಾರಕಗಳು, ಅಂದರೆ ಸಾಮರ್ಥ್ಯವನ್ನು ಇಳಿಸುವ ಕಾರಣಗಳು, ಬರುತ್ತವೆ. ನಮ್ಮ ಕಾಡಿನ 60 ಕಿಲೋಮೀಟರಿನಲ್ಲಿ 18 ಕಿಲೋಮೀಟರ್ ರಸ್ತೆ ಮಳೆನೀರಿಗೆ ಕೊರೆದುಹೋಗಿದೆ, ಅದು ಶೇಕಡ 30. ವರ್ಷದ 12 ತಿಂಗಳಲ್ಲಿ 3 ತಿಂಗಳು ಪ್ರಾಣಿಗಳ ಬೆದೆಯ ಮತ್ತು ಮರಿಗಳ ಸೂಕ್ಷ್ಮಕಾಲ, ಅದು ಶೇಕಡ 25. ಕಾಡ್ಗಿಚ್ಚಿನ ಭಯ, ರಸ್ತೆ ದುರಸ್ತಿ ಮುಂತಾದ ಕಾರಣಗಳಿಗೆ ಮುಚ್ಚುವ ದಿನಗಳು ಶೇಕಡ 10. ಇವೆಲ್ಲವೂ ಲಭ್ಯವಿಲ್ಲದ ಪಾಲನ್ನು ಹೇಳುವ ಅಂಕಿಗಳು. ಸೂತ್ರಕ್ಕೆ ಬೇಕಿರುವುದು ಉಳಿದ ಪಾಲು. ಆದ್ದರಿಂದ ಪ್ರತಿಯೊಂದನ್ನೂ ನೂರರಿಂದ ಕಳೆದು, 0.70, 0.75, 0.90 ಎಂದು ಬರೆದುಕೊಂಡು, ಒಂದರ ಮೇಲೊಂದು ಗುಣಿಸಬೇಕು.

240 × 0.70 × 0.75 × 0.90 = 113.4.

ನನ್ನ ಮೊದಲ ತಪ್ಪು ಮೂರು ಶೇಕಡಗಳನ್ನು ಕೂಡಿಸಿದ್ದು. 30, 25, 10 ಸೇರಿ 65. ಉಳಿದದ್ದು ಶೇಕಡ 35. 240ರಲ್ಲಿ ಅದು 84. ನೋಡಲು ಇದು ಸಹಜವಾಗಿಯೇ ಕಾಣುತ್ತದೆ, ಅಪಾಯವಿರುವುದೂ ಅಲ್ಲೇ. ಎರಡನೇ ತಪ್ಪು 0.30, 0.25, 0.10 ಎಂದು ಮಿತಿಯ ಪಾಲುಗಳನ್ನೇ ಗುಣಿಸಿದ್ದು. ಆಗ ಬರುವುದು 1.8. ದಿನಕ್ಕೆ ಎರಡು ಸುತ್ತೂ ಇಲ್ಲವೆಂಬ ಉತ್ತರ ಬಂದರೆ ತಪ್ಪು ತಾನಾಗಿಯೇ ಎದ್ದು ಕಾಣುತ್ತದೆ. 84 ಮಾತ್ರ ಹಾಗೆ ಎದ್ದು ಕಾಣುವುದಿಲ್ಲ.

ಕೂಡಿಸಬಾರದೇಕೆ ಎಂಬುದನ್ನು ಬಾಯಿಪಾಠ ಮಾಡಿದರೆ ಮರೆತುಹೋಗುತ್ತದೆ, ಆದ್ದರಿಂದ ಹೀಗೆ ಯೋಚಿಸಿ. ನೂರು ಸುತ್ತುಗಳಿವೆಯೆಂದುಕೊಳ್ಳಿ. ಕೊರೆದ ರಸ್ತೆಯ ಕಾರಣಕ್ಕೆ 30 ಸುತ್ತು ರದ್ದಾದವು, 70 ಉಳಿದವು. ಈಗ ಸೂಕ್ಷ್ಮಕಾಲದ ಕಾರಣಕ್ಕೆ ಕಾಲು ಭಾಗ ತೆಗೆಯಬೇಕು. ಯಾವುದರ ಕಾಲು ಭಾಗ? ಆಗಲೇ ರದ್ದಾದ 30 ಸುತ್ತುಗಳಲ್ಲೂ ಕಾಲು ಭಾಗ ಈ ಸೂಕ್ಷ್ಮ ತಿಂಗಳುಗಳಲ್ಲೇ ನಡೆಯಬೇಕಿದ್ದವು. ನಡೆಯದ ಸುತ್ತನ್ನು ಇನ್ನೊಮ್ಮೆ ರದ್ದು ಮಾಡಲು ಬರುವುದಿಲ್ಲ. ಆದ್ದರಿಂದ ಉಳಿದ 70ರ ಕಾಲು ಭಾಗವಾದ 17.5ನ್ನು ತೆಗೆದರೆ 52.5 ಉಳಿಯುತ್ತದೆ, ಅದರ ಹತ್ತನೇ ಒಂದು ಭಾಗ ತೆಗೆದರೆ 47.25. ಕೂಡಿಸಿ ಕಳೆಯುವವರು ಒಂದೇ ಸುತ್ತನ್ನು ಎರಡೆರಡು ಬಾರಿ ಕಳೆಯುತ್ತಿರುತ್ತಾರೆ. ಇನ್ನೂ ಅನುಮಾನವಿದ್ದರೆ 50, 40, 30 ಎಂಬ ಮೂರು ಮಿತಿಗಳನ್ನು ಕೂಡಿಸಿ ನೋಡಿ: ಒಟ್ಟು 120 ಆಗುತ್ತದೆ, ಸುತ್ತುಗಳ ಸಂಖ್ಯೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಗುಣಿಸಿದರೆ 0.50 × 0.60 × 0.70, ಅಂದರೆ ನೂರಕ್ಕೆ 21 ಉಳಿಯುತ್ತದೆ. ಈ ಒಂದು ಉದಾಹರಣೆಯನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡ ಮೇಲೆ ನಾನು ಮತ್ತೆ ತಪ್ಪಿಲ್ಲ.

ಗುಣಿಸುವುದು ಪೂರ್ತಿ ಸರಿಯಾಗಬೇಕಾದರೆ ಕಾರಣಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಹರಡಿರಬೇಕು. ರಸ್ತೆ ಮುಚ್ಚುವ ದಿನಗಳೆಲ್ಲ ಸೂಕ್ಷ್ಮಕಾಲದ ಮೂರು ತಿಂಗಳಲ್ಲೇ ಬಂದರೆ, ಎರಡನ್ನೂ ಬೇರೆಬೇರೆಯಾಗಿ ಗುಣಿಸುವುದು ಹೆಚ್ಚು ಕಡಿತ ಮಾಡಿದಂತಾಗುತ್ತದೆ. ಪರೀಕ್ಷೆಯಲ್ಲಿ ಇದನ್ನು ಕೇಳಲಾರರು. ಆದರೆ ಕಾಡಿಗಾಗಿ ನಿಜವಾದ ಲೆಕ್ಕ ಹಾಕುವವರು ತಿಂಗಳುಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಕೂರಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ನನ್ನ ಮೂರನೇ ತಪ್ಪು ಆದದ್ದು ಕೊನೆಯ ಮೆಟ್ಟಿಲಿನಲ್ಲಿ. ಬೇಕಾದ 40 ಸಿಬ್ಬಂದಿಯಲ್ಲಿ 24 ಮಂದಿ ಇದ್ದಾರೆಂದರೆ ನಿರ್ವಹಣಾ ಸಾಮರ್ಥ್ಯ ಶೇಕಡ 60. ಅಲ್ಲಿಯವರೆಗೆ ಎಲ್ಲವನ್ನೂ ನೂರರಿಂದ ಕಳೆದು ರೂಢಿಯಾಗಿದ್ದರಿಂದ ಇಲ್ಲಿಯೂ ಕಳೆದು, 0.40ರಿಂದ ಗುಣಿಸಿ 45 ಎಂದು ಬರೆದೆ. ಆದರೆ ಶೇಕಡ 60 ಎಂಬುದು ಇಲ್ಲದ ಪಾಲಲ್ಲ, ಇರುವ ಪಾಲು. ಅದನ್ನು ನೇರವಾಗಿ ಗುಣಿಸಬೇಕು. 113.4 × 0.60 = 68.04, ಅಂದರೆ ದಿನಕ್ಕೆ 68 ಸುತ್ತು, ಒಂದು ಹೊತ್ತಿಗೆ 34. ಮೊದಲ ಎರಡು ತಪ್ಪುಗಳ 84 ಮತ್ತು 1.8ನ್ನೂ ಇದೇ 0.60ರಿಂದ ಗುಣಿಸಿದ್ದರಿಂದ ಆರಂಭದಲ್ಲಿ ಹೇಳಿದ 50 ಮತ್ತು 1 ಬಂದಿದ್ದವು. ದಶಮಾಂಶವನ್ನು ಕೊನೆಯಲ್ಲಿ ಮಾತ್ರ ಬಿಡಬೇಕು, ಯಾವಾಗಲೂ ಕೆಳಕ್ಕೇ ಇಳಿಸಬೇಕು. ಯಾವುದೇ ಅಂಕಿ ಕಂಡಾಗ ‘ಇದು ಇರುವ ಪಾಲೋ, ಇಲ್ಲದ ಪಾಲೋ’ ಎಂದು ಒಮ್ಮೆ ಕೇಳಿಕೊಂಡರೆ ಅರ್ಧ ತಪ್ಪುಗಳು ತಪ್ಪುತ್ತವೆ.

ಆ ಅಂಕಿ ಹೇಳದಿರುವುದು

ಸಿಬ್ಬಂದಿಯ ಸಂಖ್ಯೆಯನ್ನು 24ರಿಂದ 40ಕ್ಕೆ ಏರಿಸಿದರೆ ನಮ್ಮ ಉತ್ತರ 68ರಿಂದ 113ಕ್ಕೆ ಜಿಗಿಯುತ್ತದೆ. ಕಾಡಿನಲ್ಲಿ ಒಂದು ಮರವೂ ಹೆಚ್ಚಿಲ್ಲ, ಒಂದು ಕೆರೆಯೂ ತುಂಬಿಲ್ಲ. ಆದ್ದರಿಂದ ಈ ಸಂಖ್ಯೆಯನ್ನು ದಾಟಬಾರದ ಮಿತಿಯೆಂದು ಓದಬೇಕು, ಮುಟ್ಟಲೇಬೇಕಾದ ಗುರಿಯೆಂದು ಓದಿದರೆ ಲೆಕ್ಕದ ಉದ್ದೇಶವೇ ಕೆಡುತ್ತದೆ.

ಎರಡನೆಯದಾಗಿ, 60 ಕಿಲೋಮೀಟರಿನಲ್ಲಿ 34 ವಾಹನಗಳೆಂದರೆ ಸರಾಸರಿ ಸುಮಾರು ಒಂದೂ ಮುಕ್ಕಾಲು ಕಿಲೋಮೀಟರಿಗೆ ಒಂದು. ಕಾಗದದ ಮೇಲೆ ಇದು ನೆಮ್ಮದಿಯ ಅಂತರ. ನಾನು ಹೋಗಿದ್ದ ಒಂದು ಸಫಾರಿಯಲ್ಲಿ ಹುಲಿ ಕಂಡ ಸುದ್ದಿ ಹಬ್ಬಿ ಒಂಬತ್ತು ವಾಹನಗಳು ಒಂದೇ ತಿರುವಿನಲ್ಲಿ ಸೇರಿದವು. ಹೆಣ್ಣುಹುಲಿ ರಸ್ತೆ ದಾಟಲು ಎರಡು ಬಾರಿ ಪೊದೆಯಿಂದ ತಲೆ ಹೊರಹಾಕಿತು, ಎರಡು ಬಾರಿಯೂ ಎಂಜಿನ್ ಸದ್ದಿಗೆ ಕಿವಿಗಳನ್ನು ಹಿಂದಕ್ಕೆ ಮಡಚಿ ಒಳಸರಿಯಿತು. ಆಚೆಯ ಹುಲ್ಲಿನಲ್ಲಿ ನಿಂತಿದ್ದ ಸಾರಂಗವೊಂದು ಮುಂಗಾಲಿನಿಂದ ನೆಲವನ್ನು ಒದೆಯುತ್ತಲೇ ಇತ್ತು. ಆ ಹೊತ್ತು ಕಾಡಿನ ಬೇರೆಲ್ಲ ರಸ್ತೆಗಳೂ ಬಹುಶಃ ಖಾಲಿಯಿದ್ದವು. ದಿನದ ಒಟ್ಟು ಸಂಖ್ಯೆ ನಿಯಮದೊಳಗಿದ್ದೂ ಆ ಒಂದು ಪ್ರಾಣಿಯ ಪಾಲಿಗೆ ನಿಯಮ ಮುರಿದಿತ್ತು. ಬೇಸಿಗೆಯಲ್ಲಿ ಕಬಿನಿ ಜಲಾಶಯದ ನೀರು ಇಳಿದಂತೆ ಹಿನ್ನೀರಿನ ಹಸಿಹುಲ್ಲಿಗೆ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ನೋಡುವವರೂ ಅದೇ ಅಂಚಿಗೆ ಬರುತ್ತಾರೆ. ಸರಾಸರಿಗೆ ಈ ಒತ್ತಡ ಕಾಣಿಸುವುದಿಲ್ಲ. ಮಾರ್ಗಗಳನ್ನು ವಾಹನವಾರು ಹಂಚುವುದು, ಒಂದು ಪ್ರಾಣಿಯ ಬಳಿ ನಿಲ್ಲಬಹುದಾದ ವಾಹನಗಳಿಗೂ ನಿಮಿಷಗಳಿಗೂ ಮಿತಿ ಹಾಕುವುದು ಸೂತ್ರದ ಹೊರಗೆ ಮಾಡಬೇಕಾದ ಕೆಲಸ.

ಅಲ್ಲೇ ಬದುಕುವವರು

ವ್ಯಾಖ್ಯೆಯ ಎರಡನೇ ಭಾಗಕ್ಕೆ ಬರುತ್ತೇನೆ. ಸೂತ್ರದಲ್ಲಿ ರಸ್ತೆಯಿದೆ, ಧೂಳಿದೆ, ಪ್ರಾಣಿಯಿದೆ, ಸಿಬ್ಬಂದಿಯಿದ್ದಾರೆ. ಕಾಡಿನಲ್ಲಿ ವಾಸಿಸುವವರು ಮಾತ್ರ ಇಲ್ಲ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಸೋಲಿಗರ ಸಾಮುದಾಯಿಕ ಹಕ್ಕುಗಳಿಗೆ ಮನ್ನಣೆ ಸಿಕ್ಕಿದ್ದೂ ಅದೇ ವರ್ಷ. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆ ಮರ ಪ್ರವಾಸಿಗರಿಗೆ ನೋಡುವ ತಾಣ, ಸೋಲಿಗರಿಗೆ ದೇವರು. ಅದರ ಬುಡದಲ್ಲಿ ಪೂಜೆಗೊಳ್ಳುವ ಕಲ್ಲುಗಳಿವೆ. ಹಿಂದೆ ಅವರು ಬೇಸಿಗೆಯ ಆರಂಭದಲ್ಲಿ ಒಣ ಎಲೆಗಳಿಗೆ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತೆಂದು, ನೆಲ್ಲಿ ಮರಗಳ ಮೇಲೆ ಬೆಳೆಯುವ ಬಂದಳಿಕೆ ಹಬ್ಬಿತೆಂದು ಸೋಲಿಗರು ಹೇಳುತ್ತಾರೆ. ಕಾಡಿನ ಬಗ್ಗೆ ಇಷ್ಟು ಹತ್ತಿರದ ತಿಳಿವಳಿಕೆ ಇರುವವರನ್ನು ಮಿತಿ ಗೊತ್ತುಮಾಡುವ ಮೇಜಿಗೆ ಕರೆಯದೆ, ಮುಗಿದ ಲೆಕ್ಕವನ್ನು ಅವರಿಗೆ ತಿಳಿಸುವುದು ನನಗೆ ಅನ್ಯಾಯವೆನಿಸುತ್ತದೆ. ಸೂಕ್ಷ್ಮಕಾಲ ಎರಡು ತಿಂಗಳೋ ಮೂರು ತಿಂಗಳೋ ಎಂಬ ಪ್ರಶ್ನೆಗೆ ಅವರ ಉತ್ತರ ದೊರೆತರೆ 0.75 ಎಂಬ ಅಂಕಿಯೇ ಬದಲಾಗಬಹುದು.

ಇನ್ನು, ಸೂತ್ರ ಕೂರದ ಒಂದು ಜಾಗ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರಿನವರು ಅವನ್ನು ಕರೆಯುತ್ತಾರೆ, ಮರದಡಿಯ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಇಲ್ಲಿ ಕಾಡಿನ ಗೇಟಿಲ್ಲ, ಸಫಾರಿ ರಸ್ತೆಯಿಲ್ಲ. ‘ಪ್ರವಾಸಿಗರಿಗೆ ಲಭ್ಯವಿರುವ ಜಾಗ’ ಎಂದು ಬರೆಯಬೇಕಾದಲ್ಲಿ ಬರೆಯಬೇಕಾದ್ದು ಯಾರದೋ ಮನೆಯ ಮುಂದಿನ ಬೀದಿ. ಸಿಫುಎಂಟೆಸ್ ವಿಧಾನದಲ್ಲಿ ಕಾಲುದಾರಿಗೂ ಲೆಕ್ಕ ಹಾಕಲು ಬರುವುದರಿಂದ ನಾನು ಇಲ್ಲಿಯೂ ಪ್ರಯತ್ನಿಸಿದೆ. ಆದರೆ ಒಬ್ಬರಿಗೆ ಎಷ್ಟು ಜಾಗ ಬೇಕೆಂಬುದನ್ನು ಬರೆಯುವ ಮುನ್ನವೇ ನಿಲ್ಲಿಸಬೇಕಾಯಿತು, ಏಕೆಂದರೆ ಆ ಬೀದಿಯಲ್ಲಿ ಎಷ್ಟು ಮಂದಿ ಅಪರಿಚಿತರು ಕ್ಯಾಮೆರಾ ಹಿಡಿದು ನಿಲ್ಲಬಹುದೆಂದು ಹೇಳಬೇಕಾದವರು, ಜಗುಲಿಯ ಮೇಲೆ ಕುಳಿತು ಸೊಪ್ಪು ಸೋಸುತ್ತಿರುವವರು.