ಕಾಲುಬಾಯಿ ವೈರಸ್ಸಿನ ಗಡಿಯಾರ: ಅರ್ಧ ಮಾಡುವುದನ್ನು ಮರೆಯಬೇಡಿ

2013ರಲ್ಲಿ ಕರ್ನಾಟಕದಲ್ಲಿ ಕಾಲುಬಾಯಿ ಜ್ವರ ಜೋರಾಗಿ ಹಬ್ಬಿತ್ತು. ನಮ್ಮ ಮಂಡ್ಯ ಕಡೆ ಹಸು ಕಟ್ಟಿದವರಿಗೆ ಈ ಕಾಯಿಲೆ ಹೊಸದೇನಲ್ಲ. ಆ ವರ್ಷ ಹರಡಿದ್ದು ಓ ಬಗೆಯ ವೈರಸ್, ಅದರಲ್ಲೂ ಇಂಡ್-2001 ಅನ್ನುವ ವಂಶ. ಅದೇ ವರ್ಷ ಲಿಬಿಯಾ, ಸೌದಿ ಅರೇಬಿಯಾದಲ್ಲೂ ಇದೇ ವಂಶದ್ದು ಸಿಕ್ಕಿತು. ಹಸು ನೋಡಿ ಇದನ್ನು ಹೇಳಲಾಗದು. ಜೊಲ್ಲು, ಗೊರಸಿನ ಸಂದಿಯ ಹುಣ್ಣು ಎಲ್ಲೆಡೆ ಒಂದೇ ಥರ ಅಲ್ವಾ? ಜೀನ್ ಓದಿದರೆ ಮಾತ್ರ ಗೊತ್ತಾಗುತ್ತದೆ.

ನಾಲಿಗೆಯ ಗುಳ್ಳೆಯ ಸಿಪ್ಪೆ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ವೈರಸ್ಸಿನ ಜೀನ್‌ಗಳಿರುವ ಎಳೆಯೇ ಆರ್‌ಎನ್‌ಎ; ಅದರಲ್ಲಿ ಎಂಟು ಸಾವಿರಕ್ಕೂ ಜಾಸ್ತಿ ಅಕ್ಷರಗಳಿವೆ (ಎ, ಜಿ ಥರದ ರಾಸಾಯನಿಕ ತುಣುಕುಗಳು). ವಂಶ ಗುರುತಿಸಲು ಸಾಮಾನ್ಯವಾಗಿ ವಿಪಿ1 ಅನ್ನುವ ತುಂಡು ಸಾಕು, ಸುಮಾರು 633 ಅಕ್ಷರ. ನಕಲು ಮಾಡುವಾಗ ಆದ ತಪ್ಪನ್ನು ಈ ವೈರಸ್ ತಿದ್ದಿಕೊಳ್ಳುವುದಿಲ್ಲ. ಹಾಗಾಗಿ ಈ ತುಂಡಿನಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ ಶೇ. 1ರಷ್ಟು, ಅಂದರೆ ಆರು ಅಕ್ಷರ ಬದಲಾಗುತ್ತವೆ. ಇದೇ ಗಡಿಯಾರ.

ಈಗ ಒಂದು ಲೆಕ್ಕ. ಒಂದೇ ತಿಂಗಳಲ್ಲಿ ತೆಗೆದ ಎರಡು ಸ್ಯಾಂಪಲ್, ನಡುವೆ 24 ಅಕ್ಷರ ವ್ಯತ್ಯಾಸ. ಇವೆರಡೂ ಒಂದೇ ಮೂಲದಿಂದ ಕವಲೊಡೆದು ಎಷ್ಟು ವರ್ಷ ಆಯಿತು? ನಾನು 24ನ್ನು 6ರಿಂದ ಭಾಗಿಸಿ ನಾಲ್ಕು ಅಂದುಬಿಟ್ಟೆ. ತಪ್ಪು! ಮದ್ದೂರಿನಿಂದ ಇಬ್ಬರು ಹೊರಟರು ಅನ್ನಿ, ಒಬ್ಬ ಮೈಸೂರಿನ ಕಡೆ, ಇನ್ನೊಬ್ಬ ಬೆಂಗಳೂರಿನ ಕಡೆ. ಅವರ ನಡುವಿನ ದೂರ ಇಬ್ಬರೂ ನಡೆದದ್ದು ಸೇರಿ. ಇಲ್ಲೂ ಅಷ್ಟೇ, ಒಂದೊಂದು ಕವಲಿಗೆ 12 ಅಕ್ಷರ. ಉತ್ತರ ಎರಡು ವರ್ಷ. ಸ್ಯಾಂಪಲ್‌ಗಳು ಬೇರೆ ಬೇರೆ ವರ್ಷದ್ದಾದರೆ ಆ ಅಂತರದ ಬದಲಾವಣೆಯನ್ನು ಮೊದಲು ಕಳೆದು, ಆಮೇಲೆ ಅರ್ಧ ಮಾಡಬೇಕು. ತಾರೀಖು ಬರೆಯದ ಸ್ಯಾಂಪಲ್ಲಿಗೆ ಈ ಲೆಕ್ಕವೇ ಕೂರದು.

ತೀರಾ ಹಳೇ ಕಾಲಕ್ಕೆ ಹೋದರೆ ಗಡಿಯಾರ ಕೈಕೊಡುತ್ತದೆ. ಒಂದೇ ಜಾಗದಲ್ಲಿ ಎ ಹೋಗಿ ಜಿ ಆಯಿತು, ಮುಂದೊಮ್ಮೆ ಮತ್ತೆ ಎ ಆಯಿತು. ನಮಗೆ ಕಾಣುವುದು ಸೊನ್ನೆ ಬದಲಾವಣೆ. ಹೀಗೆ ಮುಚ್ಚಿಹೋದದ್ದು ಜಾಸ್ತಿಯಾದಷ್ಟೂ ಹಳೆಯ ಕವಲು ಇತ್ತೀಚಿನದರಂತೆ ತೋರುತ್ತದೆ.

ಇದಕ್ಕೊಂದು ಉದಾಹರಣೆ ನೋಡಿ. ದನಗಳ ದೊಡ್ಡರೋಗ, ಮಕ್ಕಳ ದಡಾರ, ಇವೆರಡರ ವೈರಸ್‌ಗಳು ದಾಯಾದಿಗಳು. ಅವು ಬೇರೆಯಾದದ್ದು ಕ್ರಿ.ಶ. 9ನೇ ಶತಮಾನದ ಹೊತ್ತಿಗೆ ಅಂತ ಹಿಂದೆ ಒಂದು ಲೆಕ್ಕವಿತ್ತು. ಬರ್ಲಿನ್‌ನಲ್ಲಿ 1912ರಲ್ಲಿ ದಡಾರದಿಂದ ತೀರಿಕೊಂಡ ಮಗುವಿನ ಶ್ವಾಸಕೋಶವನ್ನು ಕೆಡದಂತೆ ಫಾರ್ಮಲಿನ್ ದ್ರವದಲ್ಲಿ ಇಟ್ಟಿದ್ದರು. ಅದರೊಳಗಿನ ವೈರಸ್ಸನ್ನು ಓದಿ, ಮುಚ್ಚಿಹೋದ ಬದಲಾವಣೆಗೂ ಜಾಗ ಕೊಟ್ಟು 2020ರಲ್ಲಿ ಲೆಕ್ಕ ಹಾಕಿದರು. ಕವಲು ಕ್ರಿ.ಪೂ. 6ನೇ ಶತಮಾನದಷ್ಟು ಹಿಂದಕ್ಕೆ ಸರಿಯಿತು. ಅದೇ ಜೋಡಿ ವೈರಸ್, ಸುಮಾರು 1,400 ವರ್ಷ ಏರುಪೇರು!