ಮಲ್ಟಿಪ್ಲೈ ಹಾಕಿದ್ರೆ ಬಿಳಿ ಹೋಗಲ್ಲ, ಕಾಣಲ್ಲ ಅಷ್ಟೇ

ಬಿಳಿ ಬ್ಯಾಕ್‌ಗ್ರೌಂಡ್ ಇರೋ ಗಣಪತಿ ಜೆಪಿಜಿನ ಹಳದಿ ಮದುವೆ ಕಾರ್ಡ್ ಮೇಲಿಟ್ಟು ಫೋಟೋಶಾಪ್‌ನಲ್ಲಿ ಮಲ್ಟಿಪ್ಲೈ (ಮೇಲಿನ ಚಿತ್ರನ ಕೆಳಗಿನದ್ರ ಜೊತೆ ಬೆರೆಸೋ ಒಂದು ಬ್ಲೆಂಡ್ ಮೋಡ್) ಕೊಟ್ರೆ ಬಿಳಿ ಮಾಯ, ಕೆಂಪು ಗೆರೆ ಮಾತ್ರ ಉಳ್ಕೊಳ್ಳುತ್ತೆ, ಡಿಟಿಪಿ ಮಾಡೋರೆಲ್ಲ ಮಾಡೋ ಕೆಲ್ಸ ಇದು. ಆಮೇಲೆ ಪಾರ್ಟಿಯವ್ರು ಫೋನ್ ಮಾಡಿ "ಕಾರ್ಡ್ ಮರೂನ್ ಕಲರ್ ಮಾಡ್ಕೊಡಿ ಸಾರ್" ಅಂತಾರೆ, ಮಾಡಿದ್ರೆ ಗಣಪತಿನೇ ಕಾಣಲ್ಲ. ಅದೇ ಲೇಯರನ್ನ (ಒಂದ್ರ ಮೇಲೊಂದಿಡೋ ಹಾಳೆ ಥರದ್ದು) ಒಂದನ್ನೇ ಪಿಎನ್‌ಜಿ ಮಾಡಿ ಕಳಿಸಿದ್ರಂತೂ ಬಿಳಿ ಡಬ್ಬ ವಾಪಸ್ ಹಾಜರ್.

ಯಾಕಂದ್ರೆ ಅಲ್ಲಿ ಟ್ರಾನ್ಸ್‌ಪರೆನ್ಸಿ ಅನ್ನೋದು ಯಾವತ್ತೂ ಇರ್ಲೇ ಇಲ್ಲ. ಮಲ್ಟಿಪ್ಲೈ ಮೇಲಿನ ಪಿಕ್ಸೆಲ್ಲನ್ನ ಕೆಳಗಿನದ್ರಿಂದ ಗುಣಿಸಿ 255ರಿಂದ ಭಾಗಿಸುತ್ತೆ (ಕಪ್ಪು ಅಂದ್ರೆ 0, ಬಿಳಿ ಅಂದ್ರೆ 255), ಮೇಲಿರೋದು 255 ಆಗಿದ್ರೆ ಕೆಳಗಿನ ಬಣ್ಣ ಹಾಗೇ ಬರುತ್ತೆ ಅಷ್ಟೇ. ಸ್ಕ್ಯಾನ್ ಮಾಡಿದ ಸಹಿಯ ಬಿಳಿ 240 ಇದ್ರೆ ಕೆಳಗಿನ 200 ಹೋಗಿ 188 ಆಗುತ್ತೆ, ಅದಕ್ಕೇ ಸಹಿ ಸುತ್ತ ಮಾಸಲು ಚೌಕ ಕಾಣೋದು. ಸ್ಕ್ರೀನ್ ಮೋಡ್ ಇದರ ಉಲ್ಟಾ, ಕಪ್ಪು ಕಾಣದ ಹಾಗೆ ಮಾಡುತ್ತೆ. ಎರಡೂ ಫೋಟೋದವ್ರ ಲೋಕದ ಲೆಕ್ಕ: ಎರಡು ಸ್ಲೈಡ್ (ಫಿಲ್ಮ್ ತುಂಡು) ಒಂದ್ರ ಮೇಲೊಂದಿಟ್ಟು ಬೆಳಕಿಗೆ ಹಿಡಿದ್ರೆ ಮಲ್ಟಿಪ್ಲೈ, ಎರಡು ಪ್ರೊಜೆಕ್ಟರಿಂದ ಒಂದೇ ಪರದೆಗೆ ಬಿಟ್ರೆ ಸ್ಕ್ರೀನ್.

ನಿಜವಾದ ಟ್ರಾನ್ಸ್‌ಪರೆನ್ಸಿ ಹುಟ್ಟಿದ್ದು ಬೇರೆ ಕಡೆ, ಬೇರೆ ಕಷ್ಟಕ್ಕೆ. 1977ರ ಸುಮಾರಿಗೆ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಡ್ ಕ್ಯಾಟ್ಮಲ್, ಆಲ್ವಿ ರೇ ಸ್ಮಿತ್ (ಹೌದು, ಮುಂದೆ ಪಿಕ್ಸಾರ್ ಕಟ್ಟಿದವ್ರೇ) ಕಂಪ್ಯೂಟರಲ್ಲಿ ಚಿತ್ರ ಮಾಡ್ತಿದ್ರು. ಆಗಿನ ಮಷೀನ್ ಎಷ್ಟು ನಿಧಾನ ಅಂದ್ರೆ ಹಿಂದಿನ ಸೀನ್ ಬದಲಾಯ್ತು ಅಂತ ಮುಂದಿನ ವಸ್ತುನ ಮತ್ತೆ ರೆಂಡರ್ ಮಾಡ್ತಾ (ಲೆಕ್ಕ ಹಾಕಿ ಚಿತ್ರ ಬಿಡಿಸ್ತಾ) ಕೂರೋಕಾಗಲ್ಲ, ಹಾಗಾಗಿ ಕೆಂಪು ಹಸಿರು ನೀಲಿ ಜೊತೆ ನಾಲ್ಕನೇ ಸಂಖ್ಯೆ ಒಂದನ್ನ ಪ್ರತಿ ಪಿಕ್ಸೆಲ್‌ಗೂ ಇಟ್ರು, ಈ ಪಿಕ್ಸೆಲ್ ಎಷ್ಟು ಮುಚ್ಚುತ್ತೆ ಅನ್ನೋ ಲೆಕ್ಕ. ಅದೇ ಆಲ್ಫಾ ಚಾನೆಲ್. 1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್, ಟಾಮ್ ಡಫ್ ಇದಕ್ಕೆ ಪೂರ್ತಿ ಗಣಿತ ಬರೆದ್ರು. ಅವರ "ಓವರ್" (ಒಂದು ಚಿತ್ರದ ಮೇಲೆ ಇನ್ನೊಂದನ್ನ ಇಡೋ) ಲೆಕ್ಕದಲ್ಲಿ ನನಗೆ ಮುಖ್ಯ ಅನ್ಸೋದು ಇದು: ಮೇಲಿನ ಎರಡು ಚಿತ್ರನ ಮೊದಲೇ ಸೇರಿಸಿಟ್ಕೊಂಡು ಆಮೇಲೆ ಯಾವ ಬ್ಯಾಕ್‌ಗ್ರೌಂಡ್ ಮೇಲೆ ಬೇಕಾದ್ರೂ ಇಡಬಹುದು, ಉತ್ತರ ಬದಲಾಗಲ್ಲ. ಮಲ್ಟಿಪ್ಲೈ ಲೇಯರನ್ನ ಹಾಗೆ ಒಂಟಿಯಾಗಿ ಚಿತ್ರ ಮಾಡಿ ಎತ್ತಿಡೋಕಾಗಲ್ಲ, ಕೆಳಗೆ ಏನಿದೆ ಅಂತ ಗೊತ್ತಾಗದೆ ಅದು ಏನೂ ಮಾಡಲ್ಲ. ಕೆಳಗೆ ಖಾಲಿ ಇದ್ರೆ ನಾರ್ಮಲ್ ಲೇಯರ್ ಥರ ಬಿಳಿ ಸಮೇತ ಕೂತಿರುತ್ತೆ.

ಫೋಟೋಶಾಪ್ 1990ರಲ್ಲಿ ಬಂದಾಗ ಲೇಯರೇ ಇರ್ಲಿಲ್ಲ, ಲೇಯರ್ ಬಂದಿದ್ದು 1994ರ 3.0ರಲ್ಲಿ. ಅಲ್ಲಿಂದ ಪ್ರತಿ ಲೇಯರಿಗೂ ಸ್ವಂತ ಪಾರದರ್ಶಕ ಜಾಗನೂ ಬಂತು, ಮೋಡ್ ಪಟ್ಟಿನೂ ಬಂತು, ಪಕ್ಕದಲ್ಲೇ ಒಪಾಸಿಟಿ (ಇಡೀ ಲೇಯರ್ ಎಷ್ಟು ಗಾಢ ಅನ್ನೋದು), ಎಲ್ಲ ಒಂದೇ ಪ್ಯಾನೆಲ್ಲಲ್ಲಿ. ಗೊಂದಲ ಶುರುವಾಗಿದ್ದು ಅಲ್ಲೇ ಅಂತ ನನ್ನ ಲೆಕ್ಕ, ಕಂಪ್ಯೂಟರ್ ಪರದೆ ಮೇಲೆ ಮೂರೂ "ಕೆಳಗಿಂದು ಕಾಣ್ತಿದೆ" ಅನ್ನೋ ಥರಾನೇ ಕಾಣುತ್ತಲ್ಲ.

ಫೈಲ್ ಫಾರ್ಮ್ಯಾಟ್‌ಗಳು ಇನ್ನೊಂದಿಷ್ಟು ಕಾಟ ಕೊಟ್ವು. 1989ರ ಜಿಫ್‌ನಲ್ಲಿ ಪಿಕ್ಸೆಲ್ ಇದೆ ಇಲ್ಲಾ ಇಲ್ಲ, ನಡುವೆ ಏನೂ ಇಲ್ಲ, ಹಾಗಾಗಿ ಅಂಚು ಗರಗಸ. 1996ರ ಪಿಎನ್‌ಜಿ ಪೂರ್ತಿ ಆಲ್ಫಾ ಕೊಡ್ತು, ಆದ್ರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಅದನ್ನ ಸರಿಯಾಗಿ ತೋರಿಸ್ತಿರ್ಲಿಲ್ಲ, ಸರಿ ಆಗಿದ್ದು 2006ರಲ್ಲಿ 7 ಬಂದ್ಮೇಲೆ, ಅಲ್ಲಿವರೆಗೆ ಡಿಸೈನರ್‌ಗಳು ನೆರಳನ್ನ ಪೇಜಿನ ಬಣ್ಣಕ್ಕೇ ಬೆರೆಸಿ ಸಾಗಹಾಕಿದ್ರು. ಪಿಎನ್‌ಜಿಯಲ್ಲಿ ಆಲ್ಫಾ ಇದೆ, ಬ್ಲೆಂಡ್ ಮೋಡ್ ಬರೆದಿಡೋಕೆ ಜಾಗ ಇಲ್ಲ. ಪಿಡಿಎಫ್‌ಗೆ 2001ರ 1.4ರಲ್ಲಿ ಎರಡೂ ಸೇರ್ಕೊಂಡ್ವು, 16 ಮೋಡ್ ಸಮೇತ.

ಹಂಗಾದ್ರೆ ಬಿಳಿನ ನಿಜವಾಗ್ಲೂ ತೆಗೆಯೋದು ಹೇಗೆ? ಜಿಂಪ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಕಲರ್ ಟು ಆಲ್ಫಾ ಅಂತಿದೆ, ಬಿಳಿ ಅಂಶನ ಕಳೆದು ಅಷ್ಟನ್ನ ಆಲ್ಫಾಗೆ ಹಾಕುತ್ತೆ, ಬೂದು ಅಂಚು ಅರೆ ಪಾರದರ್ಶಕ ಕಪ್ಪಾಗುತ್ತೆ, ಕಟ್ ಮಾಡಿದಾಗ ಬರೋ ಬಿಳಿ ಅಂಚಿನ ರಗಳೆನೂ ಇರಲ್ಲ. ಸಹಿ, ಸೀಲು, ಗೆರೆ ಚಿತ್ರಕ್ಕೆ ಇದು ಸಾಕು. ಫೋಟೋಗೆ ಹಾಕ್ಬೇಡಿ, ಕಣ್ಣಿನ ಬಿಳಿ, ಹಲ್ಲು, ಬಿಳಿ ಪಂಚೆ ಎಲ್ಲದ್ರಲ್ಲೂ ಹಿಂದಿನ ಬಣ್ಣ ಇಣುಕುತ್ತೆ, ಅಲ್ಲಿ ಮಾಸ್ಕ್ ಮಾಡೋದೇ (ಯಾವ ಭಾಗ ಕಾಣ್ಬೇಕು ಅಂತ ಗುರುತು ಹಾಕೋದೇ) ದಾರಿ.