ಒಂದೇ ಪಾದ ಊದಿಕೊಂಡಾಗ

ಪಾದ ಊದಿಕೊಂಡಿದೆ ಎಂದು ಬಂದವರನ್ನು ವೈದ್ಯರು ಮೊದಲು ಕೇಳುವುದು ಊತ ಒಂದು ಕಾಲಿಗೋ ಎರಡಕ್ಕೂ ಇದೆಯೋ ಎಂದು. ಎರಡೂ ಪಾದಗಳು ಸಮನಾಗಿ ಊದಿ, ಬೆರಳಿನಿಂದ ಒತ್ತಿದಲ್ಲಿ ಗುಳಿ ಬಿದ್ದು ಹಾಗೆಯೇ ಉಳಿದರೆ, ಕಾರಣವು ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನಲ್ಲಿ ಇರಬಹುದು. ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್ ಮಾತ್ರೆಯಿಂದಲೂ, ಚೀಟಿಯಿಲ್ಲದೆ ಅಂಗಡಿಯಲ್ಲಿ ಪಡೆದು ನುಂಗುವ ನೋವಿನ ಗುಳಿಗೆಗಳಿಂದಲೂ ಹೀಗಾಗುವುದುಂಟು.

ಒಂದೇ ಪಾದ ಊದಿದ್ದರೆ ಹುಡುಕಾಟ ಆ ಕಾಲಿನಲ್ಲೇ ಆರಂಭವಾಗಬೇಕು. ಮೀನಖಂಡ ಬಿಗಿದು ನೋಯುತ್ತಿದ್ದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರು ಕಟ್ಟಿದರೆ ಆ ಹೆಪ್ಪಿನ ತುಣುಕು ಶ್ವಾಸಕೋಶ ತಲುಪಿರುವ ಸಾಧ್ಯತೆ ಇರುವುದರಿಂದ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಂಡ್ಯದ ಭತ್ತದ ಗದ್ದೆಗಳಲ್ಲಿ ನಾಟಿಯ ಕಾಲಕ್ಕೆ ಬೆರಳ ಸಂದಿಗೆ ಕೆಸರುಹುಣ್ಣಾಗುವುದು ಹೊಸದಲ್ಲ. ಆ ಬಿರುಕಿನಿಂದ ಒಳಹೊಕ್ಕ ಬ್ಯಾಕ್ಟೀರಿಯಾಗಳಿಂದ ಪಾದವು ಕೆಂಪೇರಿ, ಬಿಸಿಯಾಗಿ, ಜ್ವರವೂ ಬರಬಹುದು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಳವಳಗೊಳಿಸುವುದು ನೋವೇ ಇಲ್ಲದ, ಅಥವಾ ತೀರಾ ಕಡಿಮೆ ನೋವಿರುವ ಊತ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಸೊರಗಿದವರಲ್ಲಿ ಮೂಳೆ ಸೀಳಿದರೂ ಕೀಲು ಸರಿದರೂ ಅರಿವಾಗುವುದಿಲ್ಲ. ಅವರು ಎಂದಿನಂತೆ ಬಸ್ಸು ಹತ್ತುತ್ತಾರೆ, ಹೊಲಕ್ಕೆ ಹೋಗುತ್ತಾರೆ, ಪ್ರತಿ ಹೆಜ್ಜೆಗೂ ಪಾದದ ಕಮಾನು ಇನ್ನಷ್ಟು ಕುಸಿಯುತ್ತದೆ. ನರಗಳ ಕಾಯಿಲೆಯಿಂದ ಕೀಲುಗಳು ಹೀಗೆ ಹಾಳಾಗುವುದನ್ನು ಫ್ರಾನ್ಸಿನ ವೈದ್ಯ ಶಾರ್ಕೊ 1868ರಲ್ಲಿ ವಿವರಿಸಿದ್ದರಿಂದ ಇದಕ್ಕೆ ಶಾರ್ಕೊ ಪಾದ ಎಂಬ ಹೆಸರು ಬಂದಿದೆ. ಅವರ ರೋಗಿಗಳಲ್ಲಿ ನರ ಕೆಟ್ಟದ್ದು ಸಿಫಿಲಿಸ್‌ನಿಂದ. ಇಂದು ಮುಖ್ಯ ಕಾರಣ ಮಧುಮೇಹ. ನೋವಿಲ್ಲವೆಂಬ ಧೈರ್ಯದಲ್ಲಿ ಉಳುಕೆಂದು ಭಾವಿಸಿ ಎಣ್ಣೆ ಹಚ್ಚಿ ತಿಕ್ಕಿಸುವುದು ನಮ್ಮಲ್ಲಿ ರೂಢಿ. ಸೀಳಿದ ಮೂಳೆಗೆ ಅದು ಹಾನಿಯನ್ನೇ ಮಾಡುತ್ತದೆ, ಹೆಪ್ಪುಗಟ್ಟಿದ ಕಾಲಿಗಂತೂ ಅಪಾಯಕಾರಿ.

ಮೊದಲ ವಾರಗಳಲ್ಲಿ ಎಕ್ಸ್‌-ರೇಯಲ್ಲಿ ಏನೂ ಕಾಣದಿರಬಹುದಾದ್ದರಿಂದ, ಊದಿದ ಪಾದ ಬಿಸಿಯಾಗಿದ್ದು ರೋಗಿಗೆ ಮಧುಮೇಹವಿದ್ದರೆ, ಬೇರೆ ಕಾರಣ ಖಚಿತವಾಗುವವರೆಗೆ ಆ ಕಾಲನ್ನು ನೆಲಕ್ಕೂರದಿರುವುದೇ ಒಳಿತು. ಅಗತ್ಯವಿದ್ದರೆ ಎಂಆರ್‌ಐ ಮಾಡಿಸುತ್ತಾರೆ. ಶಾರ್ಕೊ ಪಾದವೆಂದು ಖಚಿತವಾದರೆ ಮಂಡಿಯ ಕೆಳಗಿನಿಂದ ಪಾದಕ್ಕೆ ಅಂಟಿಕೊಂಡಂತಿರುವ ಕಟ್ಟನ್ನು ಹಲವು ತಿಂಗಳು ಹಾಕುತ್ತಾರೆ. ಎರಡೂ ಪಾದಗಳ ಚರ್ಮದ ಉಷ್ಣತೆಯನ್ನು ಆಗಾಗ ಅಳೆದು, ವ್ಯತ್ಯಾಸವು ಸುಮಾರು 2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು ಹಾಗೆಯೇ ನಿಂತ ಮೇಲೆ, ಊತವೂ ಇಳಿದಿದ್ದರೆ, ಕಟ್ಟು ಬಿಚ್ಚುವ ಬಗ್ಗೆ ಯೋಚಿಸುತ್ತಾರೆ.